ಮುಗಿಯಿತು ಎಂದವನು ನಾನೇ



ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಗೋಡೆಗೆ ಒತ್ತಿ ಇರಿಸಿರುವ ಉದ್ದನೆಯ ಬೆಂಚಿನ ಮೇಲೆ ಕುಳಿತಿರುತ್ತೇನೆ. ಕೈಯಲ್ಲಿ ಪ್ರಾರ್ಥನಾ ಪುಸ್ತಕವಿರುತ್ತದೆ. ಪುಟ ಮಾತ್ರ ತಿರುವುವುದಿಲ್ಲ. ಎದುರಿನ ಬಾಗಿಲ ಒಳಗೆ ನನ್ನ ತಂಗಿ ಇರುತ್ತಾಳೆ. ಆಕೆ ಅಲ್ಲಿರುವುದು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ದೊಡ್ಡ ಯಂತ್ರವಿಲ್ಲ, ಸೂಜಿಯಿಲ್ಲ, ಬರಿಹೊಟ್ಟೆಯಲ್ಲಿ ಬರಬೇಕೆಂಬ ನಿಯಮವೂ ಇಲ್ಲ. ವೈದ್ಯೆಯೊಬ್ಬರು ಕೈ ತೊಳೆದುಕೊಂಡು, ಅವಳ ಎದೆಯ ಮೇಲಿನ ಎರಡು ಗೆರೆಗಳನ್ನೂ ಸುತ್ತಲಿನ ಚರ್ಮವನ್ನೂ ಕಂಕುಳನ್ನೂ ಕೊರಳೆಲುಬಿನ ಮೇಲ್ಭಾಗವನ್ನೂ ಬೆರಳ ತುದಿಗಳಿಂದ ಮುಟ್ಟಿ ಮುಟ್ಟಿ ನೋಡುತ್ತಾರೆ. ಅಷ್ಟೇ. ಆ ಎರಡು ಗೆರೆಗಳಿರುವಲ್ಲಿ 2016ರ ಮೇ ತಿಂಗಳವರೆಗೆ ಎರಡು ಸ್ತನಗಳಿದ್ದವು. ಅವುಗಳಲ್ಲಿ ಯಾವ ರೋಗವೂ ಇರಲಿಲ್ಲ. ರೋಗ ಬರಬಾರದೆಂದೇ ಅವುಗಳನ್ನು ತೆಗೆಯಲಾಯಿತು.

ಇದನ್ನು ಬರೆಯಲು ತಂಗಿಯ ಅನುಮತಿ ಕೇಳಿದಾಗ, "ಹೆಸರು ಬೇಡ, ಊರು ಬೇಡ, ಉಳಿದದ್ದನ್ನೆಲ್ಲ ಬರೆ" ಎಂದಳು. ಬರೆದು ಮುಗಿಸಿದ ಮೇಲೆ ಓದಲು ಕೊಟ್ಟೆ. ಶಾಲಾ ಶಿಕ್ಷಕಿಯಲ್ಲವೇ, ಕೆಂಪು ಮಸಿಯ ಲೇಖನಿ ಹಿಡಿದೇ ಓದಿದಳು. ಎರಡು ಕಡೆ ಗೆರೆ ಎಳೆದು ಪಕ್ಕದಲ್ಲಿ, "ಇಲ್ಲಿ ಪ್ರಸಂಗ ಮಾಡಿದ್ದೀಯ" ಎಂದು ಬರೆದಿದ್ದಳು. ಆ ಎರಡು ಭಾಗಗಳನ್ನು ತೆಗೆದುಹಾಕಿದ್ದೇನೆ.

ಸ್ತನ ಎಂಬ ಶಬ್ದವನ್ನು ಇಂಥ ಪತ್ರಿಕೆಯಲ್ಲಿ ಬರೆಯಲು ನನ್ನ ಕೈ ಈಗಲೂ ಸ್ವಲ್ಪ ತಡೆಯುತ್ತದೆ. ಆ ತಡೆಯ ಬೆಲೆ ಏನೆಂಬುದನ್ನು ನಮ್ಮ ಮನೆಯೇ ತೆತ್ತಿದೆ. ನಮ್ಮ ಅವ್ವನಿಗೆ ಎಡಭಾಗದಲ್ಲಿ ಗಂಟು ಕಂಡದ್ದು 1990ರ ಆರಂಭದಲ್ಲಿ. ಅದನ್ನು ಅವಳು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಹೇಳಲಿಲ್ಲ, ನೆರೆಯವರಿಗೆ ಹೇಳಲಿಲ್ಲ, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ ಧರ್ಮಭಗಿನಿಗೂ ಹೇಳಲಿಲ್ಲ. ಗಂಟು ಒಡೆದು ರವಿಕೆಗೆ ಕಲೆ ಹತ್ತಿದಾಗ ಮೊದಲು ಕಂಡವಳು ನನ್ನ ತಂಗಿ. ಆಗ ಅವಳಿಗೆ ಹದಿನೈದು ವರ್ಷ. ಬೆಂಗಳೂರಿಗೆ ಕರೆದೊಯ್ಯುವಷ್ಟರಲ್ಲಿ ಕಾಲ ಮೀರಿತ್ತು. 1991ರಲ್ಲಿ ಅವ್ವ ತೀರಿಕೊಂಡಾಗ ಅವಳಿಗೆ ನಲವತ್ತೇಳು. ನಾನು ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದೆ. ಮೂರು ದಿನ ರಜೆ ದೊರೆಯಿತು. ಆ ಹತ್ತು ಹನ್ನೊಂದು ತಿಂಗಳು ಪ್ರತಿದಿನ ಗಾಯ ತೊಳೆದು ಬಟ್ಟೆ ಕಟ್ಟಿದವಳು ತಂಗಿ; ಕೊನೆಗೆ ಬಂದು ಜಪಸರ ಹೇಳಿದವನು ನಾನು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ನೀವು ಮುಂದಿನದನ್ನು ಓದಬೇಕು.

ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಐದಾರು ವರ್ಷಗಳ ನಂತರ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಳು. "ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಆಯುಸ್ಸು ಕಡಿಮೆ" ಎಂದು ಬಂಧುಗಳು ಆಡಿಕೊಂಡರು. ಅದು ಹಣೆಬರಹವಲ್ಲ, ಮೈಯೊಳಗಿನ ಬರಹ ಎಂದು ತಿಳಿದದ್ದು 2014ರಲ್ಲಿ, ದೊಡ್ಡವ್ವನ ಮಗಳಿಗೆ ಮೂವತ್ತೆಂಟನೆಯ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದಾಗ. ಕುಟುಂಬದ ಕಥೆಯನ್ನೆಲ್ಲ ಕೇಳಿದ ವೈದ್ಯರು ಅವಳ ರಕ್ತದ ಮಾದರಿಯನ್ನು ವಂಶವಾಹಿ ಪರೀಕ್ಷೆಗೆ ಕಳುಹಿಸಿದರು. ಬಿ.ಆರ್.ಸಿ.ಎ. ಒಂದು ಎಂಬ ವಂಶವಾಹಿಯಲ್ಲಿ ದೋಷವಿದೆ ಎಂಬ ಉತ್ತರ ಬಂತು.

ಇಲ್ಲಿ ಒಂದಿಷ್ಟು ವಿವರಣೆ ಅಗತ್ಯ. ಸ್ತನ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಮಂದಿಗೆ ಅದು ವಂಶದಿಂದ ಬಂದದ್ದಲ್ಲ. ಆದರೆ ಕೆಲವು ಕುಟುಂಬಗಳಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ, ಅದೂ ಎಳೆಯ ವಯಸ್ಸಿನಲ್ಲೇ, ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ. ಇಂಥ ಕುಟುಂಬಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರು 1990ರಲ್ಲಿ ಈ ವಂಶವಾಹಿ ಇರುವ ಸ್ಥಳವನ್ನು ಗುರುತಿಸಿದರು. 1994ರಲ್ಲಿ ಅದರ ರಚನೆಯೂ ಕೈಗೆ ಸಿಕ್ಕಿತು. ಆಗ ನಮ್ಮ ಅವ್ವನ ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು. ಈ ವಂಶವಾಹಿ ಸರಿಯಾಗಿದ್ದರೆ ಜೀವಕೋಶದಲ್ಲಿ ಆಗುವ ಹಾನಿಯನ್ನು ರಿಪೇರಿ ಮಾಡುವ ಕೆಲಸಕ್ಕೆ ನೆರವಾಗುತ್ತದೆ. ಅದೇ ಕೆಟ್ಟಿದ್ದರೆ ಹಾನಿ ಕೂಡುತ್ತಾ ಹೋಗುತ್ತದೆ. ದೋಷವುಳ್ಳ ತಾಯಿ ಅಥವಾ ತಂದೆಯಿಂದ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಸರಿಯಾಗಿ ಅರ್ಧ. ತಂದೆಯಿಂದಲೂ ಬರಬಹುದೆಂಬುದನ್ನು ಗಮನಿಸಿ. "ತಾಯಿಯ ಕಡೆಯ ರೋಗ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಬಿ.ಆರ್.ಸಿ.ಎ. ಒಂದರ ದೋಷವುಳ್ಳ ನೂರು ಮಹಿಳೆಯರಲ್ಲಿ ಸುಮಾರು 72 ಮಂದಿಗೆ ಎಂಬತ್ತು ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ. ಸುಮಾರು 44 ಮಂದಿಗೆ ಅಂಡಾಶಯದ ಕ್ಯಾನ್ಸರ್.

2015ರಲ್ಲಿ ತಂಗಿ ಪರೀಕ್ಷೆ ಮಾಡಿಸಿಕೊಂಡಳು. ಅವಳಿಗೂ ಅದೇ ದೋಷವಿತ್ತು. ವೈದ್ಯರು ಅವಳ ಮುಂದೆ ಎರಡು ದಾರಿಗಳನ್ನಿಟ್ಟರು. ಒಂದು, ಪ್ರತಿ ವರ್ಷ ಎಂ.ಆರ್.ಐ. ಮತ್ತು ಮ್ಯಾಮೊಗ್ರಾಂ ಮಾಡಿಸಿಕೊಂಡು ಕಾಯುವುದು, ಕ್ಯಾನ್ಸರ್ ಬಂದರೆ ಮೊಳಕೆಯಲ್ಲೇ ಹಿಡಿಯುವುದು. ಇನ್ನೊಂದು, ರೋಗ ಬರುವ ಮೊದಲೇ ಎರಡೂ ಸ್ತನಗಳನ್ನು ತೆಗೆಸಿಕೊಳ್ಳುವುದು. ಎರಡು ವರ್ಷ ಮೊದಲು, 2013ರ ಮೇ ತಿಂಗಳಲ್ಲಿ, ಹಾಲಿವುಡ್ ನಟಿ ಆಂಜೆಲಿನಾ ಜೋಲಿ ತಾನು ಹಾಗೆ ಮಾಡಿಸಿಕೊಂಡೆನೆಂದು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬರೆದುಕೊಂಡಿದ್ದರು. ಆಕೆಯ ತಾಯಿ ಐವತ್ತಾರನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂದಾಗ ನಾನು ಅದನ್ನು ಸಿರಿವಂತರ ವಿಚಿತ್ರವೆಂದು ಓದಿ ಮಡಚಿಟ್ಟಿದ್ದೆ.

ಒಂದು ವರ್ಷ ತಂಗಿ ಮೊದಲನೆಯ ದಾರಿಯಲ್ಲಿ ನಡೆದಳು. ಚಿತ್ರ ತೆಗೆಸಿಕೊಂಡು ವರದಿ ಬರುವವರೆಗಿನ ದಿನಗಳಲ್ಲಿ ಅವಳು ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಕೊನೆಗೊಂದು ಭಾನುವಾರ ನನ್ನ ಗುರುನಿವಾಸಕ್ಕೆ ಬಂದು ಕುಳಿತು, "ಅಣ್ಣ, ರೋಗವಿಲ್ಲದ ಅಂಗವನ್ನು ಕೊಯ್ಯಿಸಿಕೊಳ್ಳುವುದು ಪಾಪವೇ?" ಎಂದು ಕೇಳಿದಳು.

ನಾನು ಕೊಟ್ಟ ಉತ್ತರವನ್ನು ಮರೆಮಾಚದೆ ಹೇಳುತ್ತೇನೆ. "ಅವಸರ ಮಾಡಬೇಡ, ಪ್ರಾರ್ಥನೆ ಮಾಡು" ಎಂದೆ. ಅದು ಉತ್ತರವಲ್ಲ, ನುಣುಚಿಕೊಳ್ಳುವ ಉಪಾಯ. ಅವಳಿಗೂ ಅದು ತಿಳಿಯಿತು. ಕಾಫಿ ಕುಡಿಯದೆ ಎದ್ದು ಹೋದಳು.

ಆ ರಾತ್ರಿ ಗುರುಮಠದ ಕಾಲದ ನೈತಿಕ ದೈವಶಾಸ್ತ್ರದ ಟಿಪ್ಪಣಿಗಳನ್ನು ಹುಡುಕಿ ತೆಗೆದೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ವಿಷಯವೇ ಅಲ್ಲಿತ್ತು. ಇಡೀ ದೇಹದ ಒಳಿತಿಗಾಗಿ ಅದರ ಒಂದು ಅಂಗವನ್ನು ತೆಗೆಯಬಹುದೆಂದು ಹದಿಮೂರನೆಯ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ವಾದಿಸಿದ್ದಾರೆ. ಆದರೆ ಅಂಗ ಆರೋಗ್ಯವಾಗಿಯೇ ಇದ್ದರೆ? ಪೋಪ್ ಹನ್ನೆರಡನೆಯ ಪಯಸ್ ಅವರು 1953ರ ಅಕ್ಟೋಬರ್ 8ರಂದು ಮೂತ್ರಾಂಗ ತಜ್ಞರ ಸಮಾವೇಶವನ್ನು ಉದ್ದೇಶಿಸಿ ಮಾತನಾಡುತ್ತಾ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಅವರು ಹೇಳಿದ ಷರತ್ತುಗಳು ಮೂರು: ಆ ಅಂಗವನ್ನು ಉಳಿಸಿಕೊಂಡರೆ ದೇಹಕ್ಕೆ ಗಂಭೀರ ಹಾನಿಯಾಗಬೇಕು ಅಥವಾ ಅಂಥ ಅಪಾಯವಿರಬೇಕು, ತೆಗೆಯದ ಹೊರತು ಆ ಹಾನಿಯನ್ನು ತಪ್ಪಿಸಲು ಇಲ್ಲವೆ ಗಣನೀಯವಾಗಿ ತಗ್ಗಿಸಲು ಆಗದಂತಿರಬೇಕು, ತೆಗೆದರೆ ಫಲ ದೊರೆಯುವ ಭರವಸೆಯೂ ಇರಬೇಕು, ಆಗುವ ನಷ್ಟಕ್ಕಿಂತ ದೊರೆಯುವ ಒಳಿತು ತೂಕದಲ್ಲಿ ಕಡಿಮೆಯಾಗಿರಬಾರದು. ಅಂಗದಲ್ಲೇ ರೋಗವಿರಬೇಕೆಂಬ ಷರತ್ತು ಅವುಗಳಲ್ಲಿ ಇಲ್ಲ. ಬೆಳಿಗ್ಗೆ ಬಲಿಪೂಜೆ ಮುಗಿದ ಕೂಡಲೇ ಫೋನ್ ಮಾಡಿ ಇದನ್ನೆಲ್ಲ ತಂಗಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "1953ರಲ್ಲಿ ಹೇಳಿದ್ದನ್ನು ನನಗೆ ಮುಟ್ಟಿಸಲು ಇಷ್ಟು ವರ್ಷ ಬೇಕಾಯಿತೇ?" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ.

ಶಾಲೆಗೆ ಬೇಸಿಗೆ ರಜೆ ಇದ್ದಾಗ, 2016ರ ಮೇ ತಿಂಗಳಲ್ಲಿ, ಶಸ್ತ್ರಚಿಕಿತ್ಸೆ ನಡೆಯಿತು. ಅವಳಿಗೆ ನಲವತ್ತೊಂದು. ಸ್ತನಗಳನ್ನು ಮರುರೂಪಿಸುವ ಶಸ್ತ್ರಚಿಕಿತ್ಸೆ ಬೇಡವೆಂದಳು. ತೆಗೆದ ಭಾಗವನ್ನೆಲ್ಲ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಇಂಥ ಶಸ್ತ್ರಚಿಕಿತ್ಸೆಯಲ್ಲಿ ಯಾರ ಕಣ್ಣಿಗೂ ಬೀಳದೆ ಅಡಗಿದ್ದ ಕ್ಯಾನ್ಸರ್ ಕೆಲವೊಮ್ಮೆ ಹಾಗೆಯೇ ಪತ್ತೆಯಾಗುವುದುಂಟು. ಅವಳ ವರದಿಯಲ್ಲಿ ಏನೂ ಇರಲಿಲ್ಲ. ಆ ಕಾಗದವನ್ನು ಅವಳು ಜ್ಞಾನಸ್ನಾನದ ಪ್ರಮಾಣಪತ್ರದ ಜೊತೆ ಒಂದೇ ಲಕೋಟೆಯಲ್ಲಿಟ್ಟಿದ್ದಾಳೆ. ಅದೇ ವರ್ಷ ಡಿಸೆಂಬರಿನಲ್ಲಿ ಅಂಡಾಶಯಗಳನ್ನೂ ಅಂಡನಾಳಗಳನ್ನೂ ತೆಗೆಸಿಕೊಂಡಳು. ಬಿ.ಆರ್.ಸಿ.ಎ. ಒಂದರ ದೋಷವಿರುವವರಿಗೆ ಹೆರಿಗೆಗಳು ಮುಗಿದ ಮೇಲೆ, ಮೂವತ್ತೈದರಿಂದ ನಲವತ್ತರ ಒಳಗೆ, ವೈದ್ಯರು ಸಾಮಾನ್ಯವಾಗಿ ಇದನ್ನು ಸೂಚಿಸುತ್ತಾರೆ; ಅಂಡಾಶಯದ ಕ್ಯಾನ್ಸರನ್ನು ಮೊದಲೇ ಹಿಡಿಯಬಲ್ಲ ನೆಚ್ಚಿನ ತಪಾಸಣೆ ಇಲ್ಲದಿರುವುದೇ ಅದಕ್ಕೆ ಕಾರಣ.

ಜನವರಿಯಲ್ಲಿ ನಮ್ಮೂರ ದೇವಾಲಯದಲ್ಲಿ ಕೃತಜ್ಞತಾ ಬಲಿಪೂಜೆ ಅರ್ಪಿಸಿದೆ. ಬಂಧುಬಳಗವೆಲ್ಲ ಬಂದಿತ್ತು. ಪ್ರಬೋಧನೆಯಲ್ಲಿ ನಾನು, "ನಮ್ಮ ಮನೆತನದ ಮೇಲಿದ್ದ ನೆರಳು ಇಂದಿಗೆ ಮುಗಿಯಿತು" ಎಂದೆ. ಜನ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ತಂಗಿಯ ಮುಖವನ್ನು ನಾನು ಆಗ ಸರಿಯಾಗಿ ನೋಡಲಿಲ್ಲ.

ಆ ಮಾತು ಎಷ್ಟು ತೊಂದರೆ ಕೊಟ್ಟಿತೆಂಬುದು ತಿಳಿದದ್ದು ಬಹಳ ತಡವಾಗಿ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆಗೆ ಬರಬೇಕೆಂದು ವೈದ್ಯೆ ಹೇಳಿದ್ದರು. ಆದರೆ ಮನೆಯಲ್ಲಿ, "ಎಲ್ಲ ತೆಗೆದಾಯಿತಲ್ಲ, ಇನ್ನು ಯಾವುದರ ತಪಾಸಣೆ? ಸ್ವಾಮಿಗಳೇ ಮುಗಿಯಿತು ಎಂದರಲ್ಲ?" ಎಂದರು ಭಾವ. ಅವರು ಕೆಟ್ಟವರಲ್ಲ, ಹೆಂಡತಿ ಆಸ್ಪತ್ರೆಯ ಹೆಸರೆತ್ತಿದರೆ ಹೆದರುವ ಮನುಷ್ಯ. ನನ್ನನ್ನು ಕೇಳಿದಾಗ ನಾನೂ, "ಅತಿಯಾದ ಭಯವೂ ವಿಶ್ವಾಸದ ಕೊರತೆಯೇ" ಎಂದುಬಿಟ್ಟೆ. ಎರಡು ವರ್ಷ ತಂಗಿ, "ಶಾಲೆಯ ಕೆಲಸವಿದೆ" ಎಂದು ಸುಳ್ಳು ಹೇಳಿ ಒಬ್ಬಳೇ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಬಂದಳು. ಪಾಪನಿವೇದನೆಯಲ್ಲಿ ಈ ಸುಳ್ಳನ್ನು ಹೇಳಿಕೊಂಡೆನೆಂದು ಆಮೇಲೆ ನನ್ನೆದುರೇ ಹೇಳಿದಳು. ಆ ಸುಳ್ಳಿನ ಪಾಲು ನನ್ನದು.

2019ರಲ್ಲಿ ಬೆಂಗಳೂರಿನ ಧರ್ಮಕೇಂದ್ರವೊಂದಕ್ಕೆ ನನಗೆ ವರ್ಗವಾಯಿತು. ಆ ಮೇ ತಿಂಗಳಲ್ಲಿ ತಂಗಿಗೆ ಜ್ವರವಿದ್ದ ಕಾರಣ ನಾನೇ ಕರೆದೊಯ್ಯಬೇಕಾಯಿತು. ತಪಾಸಣೆ ಮುಗಿದ ಮೇಲೆ ವೈದ್ಯೆ ನನ್ನನ್ನೂ ಒಳಗೆ ಕರೆದರು. ನಾನು ಆ ಪ್ರಶ್ನೆಯನ್ನೇ ಕೇಳಿದೆ: "ಎಲ್ಲ ತೆಗೆದ ಮೇಲೆ ಮತ್ತೇನು ನೋಡುತ್ತೀರಿ?" ಅವರು, "ಫಾದರ್, ನೀವು ಹಳ್ಳಿಯವರೇ?" ಎಂದರು. ಹೌದೆಂದೆ. "ಹಾಗಾದರೆ ಗರಿಕೆ ಕಿತ್ತಿರುತ್ತೀರಿ" ಎಂದರು.

ಸ್ತನಕ್ಕೆ ಕಾಯಿಗಿರುವಂತೆ ಸುತ್ತಲೂ ಚಿಪ್ಪಿಲ್ಲ. ಅದರ ಅಂಶ ಕಂಕುಳಿನ ಕಡೆಗೆ, ಕೊರಳೆಲುಬಿನ ಕಡೆಗೆ, ಚರ್ಮದ ಕೆಳಗೆ ಗರಿಕೆಯ ಬೇರಿನಂತೆ ಹರಡಿರುತ್ತದೆ. ಎಷ್ಟೇ ನುರಿತ ಕೈಯಾದರೂ ಪೂರ್ತಿ ತೆಗೆಯಲಾಗದು. ಚರ್ಮ ಬದುಕಬೇಕಲ್ಲ, ಅದರಡಿ ಸ್ವಲ್ಪ ಉಳಿಸಲೇಬೇಕು. ಅಪಾಯ ನೂರಕ್ಕೆ ತೊಂಬತ್ತರಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 1960ರಿಂದ 1993ರವರೆಗೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ, ಕುಟುಂಬದಲ್ಲಿ ಸ್ತನ ಕ್ಯಾನ್ಸರಿನ ಇತಿಹಾಸವಿದ್ದ 639 ಮಹಿಳೆಯರ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅವರಲ್ಲಿ ಏಳು ಮಂದಿಗೆ ಮುಂದೆ ಸ್ತನ ಕ್ಯಾನ್ಸರ್ ಬಂದಿತ್ತು. ಅವರಲ್ಲಿ ಬಹುಪಾಲು ಮಂದಿಗೆ ಆಗಿದ್ದು, ಮೊಲೆತೊಟ್ಟನ್ನು ಉಳಿಸಿ ಒಳಗಿನದನ್ನು ತೆಗೆಯುವ ಹಳೆಯ ವಿಧಾನದ ಶಸ್ತ್ರಚಿಕಿತ್ಸೆ ಎಂಬುದನ್ನೂ ಹೇಳಬೇಕು. ಈ ಅಂಕಿಗಳನ್ನು ಕೇಳಿ ನಾನು, "639ರಲ್ಲಿ ಏಳೇ ಅಲ್ಲವೇ" ಎಂದೆ. ಪಕ್ಕದಲ್ಲಿದ್ದ ತಂಗಿ, "ನಾನು ಬರುವುದು ಆ ಏಳಕ್ಕಾಗಿ" ಎಂದಳು.

"ಹಾಗಾದರೆ ಮ್ಯಾಮೊಗ್ರಾಂ ಏಕೆ ಮಾಡುವುದಿಲ್ಲ, ಸ್ಕ್ಯಾನ್ ಏಕೆ ಮಾಡುವುದಿಲ್ಲ?" ಎಂದು ನಾನು ಇನ್ನೊಂದು ತುದಿಗೆ ಜಿಗಿದೆ. ನಮ್ಮ ಜನರ ಸ್ವಭಾವವೇ ಹೀಗೆ. ಒಂದೋ ಏನೂ ಬೇಡ, ಇಲ್ಲವೇ ಇರುವ ಯಂತ್ರಗಳನ್ನೆಲ್ಲ ಮೈಮೇಲೆ ಓಡಿಸಬೇಕು. ವೈದ್ಯೆ ಶಾಂತವಾಗಿ ವಿವರಿಸಿದರು. ಮ್ಯಾಮೊಗ್ರಾಂ ಎಂದರೆ ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿ ತೆಗೆಯುವ ಎಕ್ಸ್-ರೇ. ಒತ್ತಲು ಇಲ್ಲಿ ಏನಿದೆ? ಎರಡೂ ಕಡೆ ತೆಗೆಸಿಕೊಂಡವರಲ್ಲಿ, ಯಾವ ಲಕ್ಷಣವೂ ಇಲ್ಲದಾಗ, ವರ್ಷ ವರ್ಷ ಚಿತ್ರ ತೆಗೆಯುವುದರಿಂದ ಪ್ರಯೋಜನವಿದೆಯೆಂದು ಕಂಡುಬಂದಿಲ್ಲ. ಉಳಿದಿರುವ ಅಲ್ಪ ಅಂಶ ಚರ್ಮದ ಕೆಳಗೇ ಇರುವುದರಿಂದ ಗಂಟು ಬಂದರೆ ಸಾಮಾನ್ಯವಾಗಿ ಬೆರಳಿಗೇ ಸಿಗುತ್ತದೆ. ಬೆರಳಿಗೆ ಏನಾದರೂ ಸಿಕ್ಕಾಗ, ಚರ್ಮ ಕೆಂಪಾದಾಗ, ಹುಣ್ಣಾದಾಗ, ಕಂಕುಳಲ್ಲಿ ಬಾವು ಬಂದಾಗ ಆಗ ಅಲ್ಟ್ರಾಸೌಂಡ್, ಅಗತ್ಯವಿದ್ದರೆ ಸೂಜಿಯಿಂದ ಮಾದರಿ. ಅದಕ್ಕೆ ಮೊದಲು ಕೈ ಮತ್ತು ಕಣ್ಣು.

ಈ ಬರಹವನ್ನು ಓದುವ ಸೋದರಿಯರು ಯಾರಾದರೂ ಇದೇ ದಾರಿಯಲ್ಲಿದ್ದರೆ, ನನ್ನ ತಂಗಿಯ ವಿಷಯವನ್ನು ತಮ್ಮದೆಂದು ತಿಳಿಯಬಾರದು. ಒಂದೇ ಕಡೆ ತೆಗೆಸಿಕೊಂಡವರು ಇನ್ನೊಂದು ಸ್ತನದ ನಿಯಮಿತ ತಪಾಸಣೆಯನ್ನು ಬಿಡುವಂತಿಲ್ಲ. ಮೊಲೆತೊಟ್ಟು ಉಳಿಸಿಕೊಂಡವರಿಗೆ, ಹೊಟ್ಟೆಯ ಅಥವಾ ಬೆನ್ನಿನ ಮಾಂಸದಿಂದ ಮರುರೂಪಿಸಿಕೊಂಡವರಿಗೆ ವೈದ್ಯರು ಬೇರೆ ಕ್ರಮ ಹೇಳಬಹುದು. ಸಿಲಿಕೋನಿನ ಒಳಸೇರ್ಪಡೆ ಇರುವವರು ಅದು ಒಡೆದಿದೆಯೇ ಎಂದು ನೋಡಲು ಶಸ್ತ್ರಚಿಕಿತ್ಸೆಯಾದ ಐದಾರು ವರ್ಷಕ್ಕೊಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಅದು ಒಳಸೇರ್ಪಡೆಯ ತಪಾಸಣೆ, ಕ್ಯಾನ್ಸರಿನದಲ್ಲ; ಎರಡನ್ನೂ ಬೆರೆಸಿಕೊಂಡು ಗಾಬರಿಯಾಗುವವರಿದ್ದಾರೆ.

ಇನ್ನು 2021ರ ಮಾತು. ಎರಡನೆಯ ಅಲೆಯ ಕಾಲ. ಮೇ ತಿಂಗಳ ತಪಾಸಣೆ ಲಾಕ್‌ಡೌನಿನಿಂದಾಗಿ ತಪ್ಪಿತು. ದೇವಾಲಯಗಳ ಬಾಗಿಲು ಜನರಿಗೆ ಮುಚ್ಚಿತ್ತು. ನಾನು ಖಾಲಿ ಪೀಠಗಳ ಮುಂದೆ ಬಲಿಪೂಜೆ ಅರ್ಪಿಸುತ್ತಿದ್ದೆ, ಉಳಿದ ಸಮಯ ಸ್ಮಶಾನದಲ್ಲಿರುತ್ತಿದ್ದೆ. ಮೇ ಕೊನೆಯಲ್ಲಿ ತಂಗಿ ಕೊರೋನಾ ಲಸಿಕೆಯ ಮೊದಲ ಡೋಸನ್ನು ಎಡತೋಳಿಗೆ ಹಾಕಿಸಿಕೊಂಡಳು. ಜೂನ್ ಎರಡನೆಯ ವಾರ ಸ್ನಾನ ಮಾಡುವಾಗ ಎಡಗಂಕುಳಲ್ಲಿ ಹುಣಸೆ ಬೀಜದಷ್ಟು ಗಂಟು ಬೆರಳಿಗೆ ಸಿಕ್ಕಿತು. ಎಡಗಡೆ. ಅವ್ವನಿಗೂ ಎಡಗಡೆಯೇ.

ಅವಳು ಎಂಟು ತಿಂಗಳು ಕಾಯಲಿಲ್ಲ. ಅದೇ ದಿನ ಗಂಡನಿಗೆ ಹೇಳಿದಳು, ವೈದ್ಯೆಗೆ ಫೋನ್ ಮಾಡಿದಳು, ನನಗೂ ಫೋನ್ ಮಾಡಿದಳು. ನಿರ್ಬಂಧ ಸಡಿಲಗೊಂಡ ವಾರದಲ್ಲೇ ಬೆಂಗಳೂರಿಗೆ ಬಂದಳು. ಅಲ್ಟ್ರಾಸೌಂಡಿನಲ್ಲಿ ಊದಿಕೊಂಡ ಒಂದು ದುಗ್ಧಗ್ರಂಥಿ ಕಂಡಿತು. ಲಸಿಕೆ ಹಾಕಿದ ತೋಳಿನ ಕಂಕುಳಲ್ಲಿ ಗ್ರಂಥಿಗಳು ಊದಿಕೊಳ್ಳುವುದನ್ನು ಆ ವರ್ಷ ಜಗತ್ತಿನಾದ್ಯಂತ ಸ್ತನ ತಪಾಸಣೆ ಮಾಡುವ ವೈದ್ಯರು ಕಾಣುತ್ತಿದ್ದರು. ದೇಹ ರೋಗದ ವಿರುದ್ಧ ಸಿದ್ಧವಾಗುತ್ತಿರುವ ಲಕ್ಷಣವದು. "ಗ್ರಂಥಿಯ ಆಕಾರ ನೋಡಿದರೆ ಲಸಿಕೆಯದೇ ಎನಿಸುತ್ತದೆ. ಆರು ವಾರ ಬಿಟ್ಟು ಮತ್ತೆ ನೋಡೋಣ. ಇಳಿಯದಿದ್ದರೆ ಸೂಜಿ ಹಾಕೋಣ" ಎಂದರು ವೈದ್ಯೆ.

ಆರು ವಾರ! ಭಾವ ಬೇರೆ ಆಸ್ಪತ್ರೆಗೆ ಹೋಗೋಣ, ಇಡೀ ಮೈಯ ಸ್ಕ್ಯಾನ್ ಮಾಡಿಸೋಣ, ಹಣ ಹೊಂದಿಸುತ್ತೇನೆ ಎಂದು ಹಟ ಹಿಡಿದರು. ನಾನೂ ಅವರ ಪಕ್ಷ ವಹಿಸಿದೆ. ಎರಡು ವರ್ಷಗಳ ಹಿಂದೆ ತಪಾಸಣೆಯೇ ಬೇಡ ಎಂದವರು ನಾವಿಬ್ಬರೇ. ತಂಗಿ ಒಪ್ಪಲಿಲ್ಲ. "ಇವರ ಬೆರಳುಗಳನ್ನು ಐದು ವರ್ಷದಿಂದ ನಂಬಿದ್ದೇನೆ. ಈಗ ನಂಬದಿದ್ದರೆ ಇಷ್ಟು ದಿನ ಹೋದದ್ದೇಕೆ?" ಎಂದಳು. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಅವಳು ಮೊಬೈಲಿನ ಮುಂದೆ ಕುಳಿತು ನಾಲ್ಕನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಕಲಿಸಿದಳು. ದಿನಕ್ಕೆ ಹತ್ತು ಸಲ ಕಂಕುಳಿಗೆ ಕೈ ಹೋಗುತ್ತಿತ್ತಂತೆ. ಮುಟ್ಟಿ ಮುಟ್ಟಿ ಗ್ರಂಥಿಯನ್ನು ನೋಯಿಸಬೇಡಿ, ತಿಂಗಳಿಗೊಮ್ಮೆ ಸಾಕು ಎಂದು ವೈದ್ಯೆ ಗದರಿದ ಮೇಲೆ ಬೆರಳಿಗೆ ಒಂದು ದಾರ ಕಟ್ಟಿಕೊಂಡಳು, ನೆನಪಿಗೆ. ನಾನು ಪ್ರತಿದಿನ ಬಲಿಪೂಜೆಯಲ್ಲಿ ಅವಳನ್ನು ಸ್ಮರಿಸಿದೆ. ಏನೆಂದು ಬೇಡಬೇಕೆಂದು ತಿಳಿಯದೆ ಬರಿಯ ಹೆಸರನ್ನಷ್ಟೇ ಹೇಳಿದ ದಿನಗಳೂ ಇದ್ದವು.

ಆ ದಿನಗಳಲ್ಲೇ ನಾನು ಒಂದು ಹೆಸರನ್ನು ಮೊದಲ ಬಾರಿಗೆ ಕೇಳಿಸಿಕೊಂಡೆ. ಬಲಿಪೂಜೆಯ ಪ್ರಾಚೀನ ರೋಮನ್ ಪ್ರಾರ್ಥನೆಯಲ್ಲಿ ಫೆಲಿಸಿತಾ, ಪೆರ್ಪೆತುವಾ, ಆಗತಾ, ಲೂಸಿಯಾ ಎಂದು ರಕ್ತಸಾಕ್ಷಿಗಳ ಹೆಸರುಗಳು ಬರುತ್ತವೆ. ಗುರುದೀಕ್ಷೆಯಾದಂದಿನಿಂದ ಅವುಗಳನ್ನು ಉಚ್ಚರಿಸುತ್ತಾ ಬಂದಿದ್ದೇನೆ. ಆಗತಾ ಎಂಬುವಳು ಮೂರನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಕತಾನಿಯಾ ನಗರದಲ್ಲಿ ಪ್ರಾಣತೆತ್ತ ಕನ್ಯೆ. ಹಿಂಸಕರು ಅವಳ ಸ್ತನಗಳನ್ನು ಕತ್ತರಿಸಿದರೆಂದು ಪರಂಪರೆ ಹೇಳುತ್ತದೆ. ಫೆಬ್ರವರಿ 5 ಅವಳ ಹಬ್ಬ. ಸ್ತನರೋಗಿಗಳು ಅವಳ ಬಿನ್ನಹ ಬೇಡುತ್ತಾರೆ. ಇಷ್ಟು ವರ್ಷ ಪೀಠದ ಮೇಲೆ ಆ ಹೆಸರನ್ನು ನಾನು ಹಾಜರಿ ಪುಸ್ತಕ ಓದಿದಂತೆ ಓದಿದ್ದೆ.

ಆಗಸ್ಟಿನಲ್ಲಿ ಗ್ರಂಥಿ ಇಳಿದಿತ್ತು. ಅಲ್ಟ್ರಾಸೌಂಡಿನಲ್ಲೂ ಸಹಜ ಗಾತ್ರಕ್ಕೆ ಮರಳಿತ್ತು. ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತರು. ಇದಕ್ಕಾಗಿ ಕೃತಜ್ಞತಾ ಬಲಿಪೂಜೆ ಇಡೋಣವೇ ಎಂದು ನಾನು ಕೇಳಿದಾಗ ತಂಗಿ, "ಇಡೋಣ, ಆದರೆ ನೀನು ಪ್ರಬೋಧನೆ ಮಾಡಬೇಡ" ಎಂದಳು.

ಇನ್ನೊಂದು ಮಾತು ಬಾಕಿ ಇದೆ. 2015ರಲ್ಲೇ ತಂಗಿ ನನಗೂ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದ್ದಳು. "ನನಗೇಕೆ? ನಾನು ಗುರು, ನನಗೆ ಮಕ್ಕಳಿಲ್ಲ" ಎಂದಿದ್ದೆ. "ಮಕ್ಕಳಿಲ್ಲದಿರಬಹುದು, ಮೈಯೂ ಇಲ್ಲವೇ ನಿನಗೆ?" ಎಂದಿದ್ದಳು. ಏಳು ವರ್ಷ ಮುಂದೂಡಿದೆ. 2022ರಲ್ಲಿ ರಕ್ತ ಕೊಟ್ಟೆ. ಅವ್ವನಿಂದ ಅದು ನನಗೂ ಬಂದಿತ್ತು. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ಕಾಣೆ, ಬಿ.ಆರ್.ಸಿ.ಎ. ಒಂದರ ದೋಷವಿರುವ ಗಂಡಸಿಗೆ ಆ ಅಪಾಯ ನೂರಕ್ಕೆ ಒಂದರಷ್ಟು, ಎರಡನೆಯ ಬಿ.ಆರ್.ಸಿ.ಎ. ಆದರೆ ಅದಕ್ಕಿಂತ ಹೆಚ್ಚು. ಈಗ ವರ್ಷಕ್ಕೊಮ್ಮೆ ನಾನೂ ಅಂಗಿಯ ಗುಂಡಿ ಬಿಚ್ಚಿ ಆ ಮಂಚದ ಮೇಲೆ ಮಲಗುತ್ತೇನೆ. ಮೊದಲ ಸಲ ಪರದೆಯ ಹಿಂದೆ ನಿಂತು ಗುಂಡಿಗೆ ಕೈ ಹಾಕಿದಾಗ ಬೆರಳು ಏಳಲೇ ಇಲ್ಲ. ವೈದ್ಯೆ ಹೊರಗಿನಿಂದ, "ಫಾದರ್, ಆಯಿತೇ?" ಎಂದು ಎರಡು ಸಲ ಕೇಳಿದರು. ರವಿಕೆಗೆ ಕಲೆ ಹತ್ತುವವರೆಗೆ ಅವ್ವ ಏಕೆ ಬಾಯಿ ಬಿಡಲಿಲ್ಲವೆಂದು ನನಗೆ ಅರ್ಥವಾದದ್ದು ಆ ಪರದೆಯ ಹಿಂದೆ, ಐವತ್ತಮೂರನೆಯ ವಯಸ್ಸಿನಲ್ಲಿ.

2025ರ ಮೇ ತಿಂಗಳ ತಪಾಸಣೆಗೆ ತಂಗಿಯ ಮಗಳೂ ಬಂದಿದ್ದಳು. ಅವಳಿಗೆ ಇಪ್ಪತ್ತನಾಲ್ಕು. ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಮಾಡಿಸಿಕೊಳ್ಳುವುದೂ ಬಿಡುವುದೂ ಅವಳದೇ ತೀರ್ಮಾನವೆಂದು ತಾಯಿ ಮೊದಲೇ ಹೇಳಿಬಿಟ್ಟಿದ್ದಾಳೆ. ದೋಷವಿದ್ದರೆ ಇಪ್ಪತ್ತೈದರಿಂದಲೇ ವರ್ಷಕ್ಕೊಂದು ಎಂ.ಆರ್.ಐ. ಆರಂಭಿಸುವುದು ರೂಢಿ. ಇಲ್ಲದಿದ್ದರೆ ಎಲ್ಲ ಹೆಣ್ಣುಮಕ್ಕಳಂತೆ ಅವಳೂ. ಇಬ್ಬರೂ ಒಟ್ಟಿಗೆ ಒಳಗೆ ಹೋದರು. ನಾನು ಬೆಂಚಿನ ಮೇಲೆ ಕುಳಿತೆ. ಹತ್ತು ನಿಮಿಷವಾದ ಮೇಲೆ ಬಾಗಿಲು ತೆರೆದು ತಂಗಿಯೊಬ್ಬಳೇ ಹೊರಗೆ ಬಂದಳು, ಸೆರಗಿನ ಪಿನ್ನು ಹಾಕಿಕೊಳ್ಳುತ್ತಾ.

"ಏನೆಂದರು?" ಎಂದೆ.

"ನನ್ನದೆಲ್ಲ ಸರಿಯಿದೆ, ಮುಂದಿನ ಮೇ. ಅವಳಿಗೆ ಏನೋ ಕೇಳಬೇಕಂತೆ, ನಾನಿದ್ದರೆ ಕೇಳಲಾಗುವುದಿಲ್ಲವಂತೆ. ಹೊರಗೆ ಕಳಿಸಿದಳು."

ಪಕ್ಕದಲ್ಲಿ ಬಂದು ಕುಳಿತಳು. ಬಾಗಿಲು ಮುಚ್ಚಿಯೇ ಇತ್ತು. ಕಾಲು ಗಂಟೆಯಾಯಿತು, ಅರ್ಧ ಗಂಟೆಯೂ ಆಯಿತು.

"ಆ ಪುಸ್ತಕ ತೆಗೆ, ಮಧ್ಯಾಹ್ನದ ಪ್ರಾರ್ಥನೆ ಹೇಳೋಣ" ಎಂದಳು ತಂಗಿ. ನಾನು ಪುಟ ಹುಡುಕುತ್ತಿದ್ದಂತೆ ನನ್ನ ಮೊಣಕೈ ಮುಟ್ಟಿ, "ಗಟ್ಟಿಯಾಗಿ ಬೇಡ, ಅವಳಿಗೆ ಕೇಳಿಸುತ್ತದೆ" ಎಂದಳು.